ಹೊಸ ಡೂಲಾ: ಫೀಸು ಹೇಗೆ ತಗೊಳ್ಳೋದು, ಯಾವಾಗ ತಗೊಳ್ಳೋದು?

ಕಾವೇರಿತೀರ

ಎಲ್ಲರಿಗೂ ನಮಸ್ಕಾರ. ಡೂಲಾ (ಹೆರಿಗೆ ಹೊತ್ತಲ್ಲಿ, ಬಾಣಂತನದಲ್ಲಿ ಜೊತೆಗಿದ್ದು ನೆರವಾಗೋರು, ವೈದ್ಯರಲ್ಲ) ತರಬೇತಿ ಮುಗಿಸಿ ಮೈಸೂರಲ್ಲಿ ಕೆಲಸ ಶುರು ಮಾಡ್ತಿದ್ದೀನಿ. ಹೆರಿಗೆಗೆ ಮುಂಚೆ ಮೂರು ಭೇಟಿ, ಹೆರಿಗೆ ಹೊತ್ತಲ್ಲಿ ಜೊತೆಗಿರೋದು, ಆಮೇಲೆ ಎರಡು ಭೇಟಿ, ಎಲ್ಲ ಸೇರಿ 30,000 ರೂಪಾಯಿ. ಸದ್ಯಕ್ಕೆ ಇರೋದು ಮನೆ ಖರ್ಚಿನ ಸೇವಿಂಗ್ಸ್ ಖಾತೆ, ಅದಕ್ಕೆ ಜೋಡಿಸಿದ ಫೋನ್‌ಪೇ. ಅಷ್ಟೇ ಸಾಕಾ, ಇಲ್ಲ ವ್ಯವಹಾರಕ್ಕಂತಲೇ ಇರೋ ಕರೆಂಟ್ ಅಕೌಂಟು, ಆನ್‌ಲೈನಲ್ಲಿ ಕಾರ್ಡಿನ ಹಣ ತಗೊಳ್ಳೋ ಪೇಮೆಂಟ್ ಗೇಟ್‌ವೇ ಎಲ್ಲ ಬೇಕಾ? ಒಬ್ಬರು ನಗದು ಕೊಡ್ತೀವಿ ಅಂತಿದ್ದಾರೆ. ಇನ್ನೊಬ್ಬರ ಯಜಮಾನರು ಟೆಕ್ಸಾಸಲ್ಲಿದ್ದಾರೆ, ಅಲ್ಲಿಂದಲೇ ಕಳಿಸ್ತಾರಂತೆ. ಜಿಎಸ್‌ಟಿ ಬಗ್ಗೆಯೂ ಭಯ ಇದೆ.

ಮಡಿಲು

ಯುಪಿಐನೋ ನಗದೋ ಆಮೇಲೆ ನೋಡೋಣ, ಮೊದಲು ತಾರೀಖು ಗಟ್ಟಿ ಮಾಡ್ಕೊಳ್ಳಿ. ಈ ಕೆಲಸದಲ್ಲಿ ದುಡ್ಡು ಬಾಕಿ ಉಳಿಯೋದು ಹೆಚ್ಚಾಗಿ "ಮಗು ಆದ್ಮೇಲೆ ಒಟ್ಟಿಗೆ ಕೊಡ್ತೀವಿ" ಅನ್ನೋ ಮಾತಿಗೆ ಒಪ್ಪಿಕೊಂಡಾಗ. ಹೆರಿಗೆ ಆದಮೇಲೆ ಆಸ್ಪತ್ರೆ ಬಿಲ್ಲು, ನಿದ್ದೆಗೆಟ್ಟ ಮನೆಯವರು, ಹಾಲು ಕುಡಿಸೋಕೆ ಒದ್ದಾಡ್ತಿರೋ ಬಾಣಂತಿ. ಆ ಹೊತ್ತಲ್ಲಿ ನಿಮಗೆ ಕೇಳೋಕೆ ಬಾಯಿ ಬರಲ್ಲ, ಅವರಿಗೂ ನೆನಪಿರಲ್ಲ.

ಮೂರು ಕಂತು ಮಾಡಿ. ಒಪ್ಪಂದಕ್ಕೆ ಸಹಿ ಹಾಕಿದ ದಿನ 10,000, 32 ವಾರ ತುಂಬಿದಾಗ 10,000, 36 ವಾರ ತುಂಬಿದಾಗ ಉಳಿದ 10,000. 37ನೇ ವಾರದಿಂದ ಯಾವ ರಾತ್ರಿ ಬೇಕಾದರೂ ಫೋನ್ ಬರಬಹುದು, ಅಷ್ಟರಲ್ಲಿ ಲೆಕ್ಕ ಚುಕ್ತಾ ಆಗಿರಬೇಕು. ಕಾಗದದ ಮೇಲೆ ವಾರ ಬರೆಯಬೇಡಿ, ತಾರೀಖು ಬರೆಯಿರಿ. ವೈದ್ಯರು ಕೊಟ್ಟ ದಿನದಿಂದ 56 ದಿನ ಹಿಂದಕ್ಕೆ ಎಣಿಸಿದರೆ 32 ವಾರ, 28 ದಿನ ಹಿಂದಕ್ಕೆ ಎಣಿಸಿದರೆ 36 ವಾರ. 2027ರ ಮಾರ್ಚ್ 29 ಅಂತ ಕೊಟ್ಟಿದ್ದರೆ ಫೆಬ್ರವರಿ 1 ಮತ್ತು ಮಾರ್ಚ್ 1.

ಮುಂಗಡ ಯಾತಕ್ಕೆ ಅನ್ನೋದನ್ನೂ ಬರೆಯಿರಿ: ಆ ವಾರಗಳಲ್ಲಿ ಬೇರೆಯವರನ್ನು ಒಪ್ಪಿಕೊಳ್ಳದೆ ದಿನ ಕಾಯ್ದಿರಿಸೋದಕ್ಕೆ. ವಾಪಸ್ ವಿಚಾರದಲ್ಲಿ ಜಗಳ ಹುಟ್ಟೋ ಸಂದರ್ಭಗಳನ್ನು ಒಂದೊಂದಾಗಿ ಸೇರಿಸಿ. ಸಿಸೇರಿಯನ್ ಅಂತ ಮೊದಲೇ ನಿರ್ಧಾರವಾದರೆ? ಲೇಬರ್ ವಾರ್ಡಿಗೆ ನಿಮ್ಮನ್ನು ಬಿಡದಿದ್ದರೆ? ನೀವು ತಲುಪೋ ಮುಂಚೆಯೇ ಹೆರಿಗೆ ಆದರೆ? ಹೆರಿಗೆ ಹೊತ್ತಿಗೆ ಅಂತ ಇಟ್ಟಿದ್ದ ಗಂಟೆಗಳನ್ನು ಬಾಣಂತನದ ಭೇಟಿಗೆ ತಿರುಗಿಸಿಕೊಡೋದು ಎರಡೂ ಕಡೆಗೆ ನ್ಯಾಯ. ನಿಮಗೇ ಹುಷಾರಿಲ್ಲದೆ ಬದಲಿ ಡೂಲಾ ಹೋದರೆ ಅವರ ಹಣ ನಿಮ್ಮ ಪಾಲಿನಿಂದ ಹೋಗಬೇಕು, ಮನೆಯವರಿಂದ ಎರಡನೇ ಸಲ ಕೇಳೋ ಹಾಗಿಲ್ಲ. ಮಗು ಉಳಿಯದಿದ್ದರೆ ಬಾಕಿ ಕಂತು ಕೇಳಲೇಬೇಡಿ, ಮಾಡದ ಭೇಟಿಗಳ ಹಣ ಅವರು ಕೇಳೋ ಮುಂಚೆ ಹಿಂದಿರುಗಿಸಿ. ಇದು ಒಪ್ಪಂದದಲ್ಲಿ ಇರಲೇಬೇಕು.

ಜಮಾಖರ್ಚು

ಮೈಸೂರು, ಬೆಂಗಳೂರಲ್ಲಿ ನಿಮ್ಮ ಹತ್ತಿರ ಬರೋರಿಗೆ ಯುಪಿಐ, ಅದಿಲ್ಲ ಅಂದ್ರೆ ನೆಫ್ಟ್ (ಬ್ಯಾಂಕಿಂದ ಬ್ಯಾಂಕಿಗೆ ವರ್ಗಾವಣೆ) ಸಾಕು. ಆದರೆ ಮನೆ ಖರ್ಚಿನ ಖಾತೆ ಬೇಡ. ನಿಮಗೆ ಬಂದ ಹಣದ ಮೂಲಕ್ಕೆ ಸೈಬರ್ ವಂಚನೆ ದೂರು ಅಂಟಿಕೊಂಡಿದ್ದರೆ ಬ್ಯಾಂಕು ಆ ಮೊತ್ತವನ್ನು ತಡೆಹಿಡಿಯುತ್ತೆ, ಕೆಲವೊಮ್ಮೆ ಖಾತೆಯನ್ನೇ ಸ್ಥಗಿತ ಮಾಡುತ್ತೆ. ರೇಷನ್ನು, ಸ್ಕೂಲ್ ಫೀಸು ಎಲ್ಲ ಅದರಲ್ಲೇ ಇದ್ದರೆ ಮನೆ ನಿಂತುಹೋಗುತ್ತೆ. ವ್ಯವಹಾರಕ್ಕೆ ಸೇವಿಂಗ್ಸ್ ಬಳಸೋದನ್ನು ಬ್ಯಾಂಕುಗಳು ಸಾಮಾನ್ಯವಾಗಿ ಒಪ್ಪಲ್ಲ, ಆದ್ದರಿಂದ ಕರೆಂಟ್ ಅಕೌಂಟೇ ಸರಿ. ಉದ್ಯಮ್ ನೋಂದಣಿಯಂಥ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡೋ ನೋಂದಣಿ) ದಾಖಲೆ ಕೇಳ್ತಾರೆ. ಅದು ಆನ್‌ಲೈನಲ್ಲಿ ಉಚಿತ, ಆಧಾರ್, ಪ್ಯಾನ್ ಸಾಕು. ಕನಿಷ್ಠ ಬ್ಯಾಲೆನ್ಸ್ ಎಷ್ಟು ಅಂತ ಕೇಳಿಯೇ ತೆರೆಯಿರಿ.

ಆ ಖಾತೆಗೆ ಮರ್ಚೆಂಟ್ ಕ್ಯೂಆರ್ (ವ್ಯಾಪಾರಿಗಳಿಗೆ ಕೊಡೋ ಕ್ಯೂಆರ್) ತಗೊಳ್ಳಿ. ರುಪೇ ಕ್ರೆಡಿಟ್ ಕಾರ್ಡಿಂದ ಯುಪಿಐ ಮಾಡೋರಿಗೆ ಇದೇ ಬೇಕು, ವೈಯಕ್ತಿಕ ಕ್ಯೂಆರ್‌ಗೆ ಆ ಹಣ ಬರಲ್ಲ.

ತೊಂದರೆ ಎಲ್ಲಿ ಆಗುತ್ತೆ ಅಂದ್ರೆ, ಚೊಚ್ಚಲ ಹೆರಿಗೆಯಾದರೆ ಕಟ್ಟೋರು ಎಷ್ಟೋ ಸಲ ತವರುಮನೆಯವರು. ಸ್ಟೇಟ್‌ಮೆಂಟಲ್ಲಿ ಗರ್ಭಿಣಿಯ ಅಪ್ಪನ ಹೆಸರೋ ಅಣ್ಣನ ಹೆಸರೋ ಇರುತ್ತೆ, ಮೂರು ತಿಂಗಳಾದ್ಮೇಲೆ ಯಾರದ್ದು ಅಂತ ಗೊತ್ತಾಗಲ್ಲ. ಷರಾದಲ್ಲಿ "ಒಪ್ಪಂದ 7, ಕಂತು 2" ಅಂತ ಹಾಕೋಕೆ ಹೇಳಿ. ಅಪ್ಪ ಹೊಸ ಫೋನಲ್ಲಿ ಯುಪಿಐ ಶುರು ಮಾಡಿದ್ದರೆ ಸಾಮಾನ್ಯವಾಗಿ ಮೊದಲ 24 ಗಂಟೆ 5,000ಕ್ಕಿಂತ ಹೆಚ್ಚು ಹೋಗಲ್ಲ. ಕಂತಿನ ಹಿಂದಿನ ದಿನವೇ 1 ರೂಪಾಯಿ ಕಳಿಸಿ ನೋಡೋಕೆ ಹೇಳಿ.

ಸ್ಕ್ರೀನ್‌ಶಾಟ್ ನೋಡಿ ರಸೀದಿ ಬರೀಬೇಡಿ. ಬ್ಯಾಂಕ್ ಆಪಲ್ಲಿ ಜಮೆ ಕಾಣಬೇಕು, 12 ಅಂಕಿಯ ಉಲ್ಲೇಖ ಸಂಖ್ಯೆ ತಾಳೆ ಆಗಬೇಕು. ಅವರ ಖಾತೆಯಿಂದ ಕಟ್ ಆಗಿ ನಿಮಗೆ ಬರದಿದ್ದರೆ ತಕ್ಷಣ ಇನ್ನೊಮ್ಮೆ ಕಳಿಸೋದು ಬೇಡ. ವ್ಯಕ್ತಿಯಿಂದ ವ್ಯಕ್ತಿಗಾದರೆ ಮರುದಿನದೊಳಗೆ, ಮರ್ಚೆಂಟ್ ಕ್ಯೂಆರ್‌ಗಾದರೆ 5 ದಿನದೊಳಗೆ ವಾಪಸ್ ಆಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಅಂತ 2019ರಿಂದ ರಿಸರ್ವ್ ಬ್ಯಾಂಕ್ ನಿಯಮವಿದೆ.

ಗೇಟ್‌ವೇ ಸದ್ಯಕ್ಕೆ ಬೇಡ. 2% ಶುಲ್ಕ, ಅದರ ಮೇಲೆ 18% ಜಿಎಸ್‌ಟಿ ಅಂದ್ರೆ 30,000ಕ್ಕೆ 708 ರೂಪಾಯಿ ಹೋಗುತ್ತೆ. ಕಾರ್ಡಲ್ಲಿ, ಇಎಂಐಯಲ್ಲಿ ಕೊಡ್ತೀವಿ ಅನ್ನೋರು ಹೆಚ್ಚಾದಾಗ ಯೋಚಿಸಿ.

ಕಾವೇರಿತೀರ

ತುಂಬಾ ಉಪಕಾರ ಆಯ್ತು. ಕಂತಿನ ತಾರೀಖು ಇವತ್ತೇ ಬರೀತೀನಿ. ನಗದು, ಟೆಕ್ಸಾಸ್, ಜಿಎಸ್‌ಟಿ ಬಗ್ಗೆಯೂ ಯಾರಾದರೂ ಹೇಳ್ತೀರಾ?

ತೆರಿಗೆಮಿತ್ರ

ನಗದು ತಗೊಳ್ಳಬಹುದು ಮೇಡಂ. ಒಬ್ಬರಿಂದ 2 ಲಕ್ಷ ಅಥವಾ ಮೇಲ್ಪಟ್ಟು ನಗದು ತಗೊಳ್ಳೋದು ಕಾನೂನಲ್ಲಿ ನಿಷಿದ್ಧ, ನಿಮ್ಮ ಮೊತ್ತ ಅದರ ಹತ್ತಿರವೂ ಇಲ್ಲ. ಕಾರ್ಬನ್ ಹಾಳೆ ಇರೋ ರಸೀದಿ ಪುಸ್ತಕ ಇಟ್ಟುಕೊಳ್ಳಿ, 5,000 ದಾಟಿದ ರಸೀದಿಗೆ 1 ರೂಪಾಯಿ ರೆವೆನ್ಯೂ ಸ್ಟಾಂಪ್ ಅಂಟಿಸಿ ಅದರ ಮೇಲೆ ಸಹಿ ಹಾಕಿ. ಬಂದ ಹಣವನ್ನು ಆ ವಾರದಲ್ಲೇ ಖಾತೆಗೆ ಕಟ್ಟಿ.

ಜಿಎಸ್‌ಟಿ ನೋಂದಣಿ ಬೇಕಾಗೋದು ಸೇವೆಯ ವಹಿವಾಟು ಆರ್ಥಿಕ ವರ್ಷಕ್ಕೆ 20 ಲಕ್ಷ ದಾಟಿದಾಗ. 30,000ದಂತೆ 66 ಹೆರಿಗೆ ಆದರೂ 19.8 ಲಕ್ಷ; ಅಷ್ಟು ಹೆರಿಗೆಗೆ ಒಬ್ಬರೇ ಓಡೋಕೆ ಆಗಲ್ಲ. ಆದರೆ ತರಗತಿಯ ಫೀಸು, ನಿಮಗೆ ಬರೋ ಅಂಗಡಿ ಬಾಡಿಗೆ ಇದ್ದರೆ ಅದೂ ಇದೇ ಪ್ಯಾನ್ ಲೆಕ್ಕಕ್ಕೆ ಸೇರುತ್ತೆ. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೆಂಗಳೂರಲ್ಲಿ ಎಷ್ಟೋ ಅಂಗಡಿಗಳು ಕ್ಯೂಆರ್ ತೆಗೆದುಹಾಕಿದ್ದವು. ಅದರಿಂದ ಪ್ರಯೋಜನ ಇಲ್ಲ, ನಗದು ಬಂದರೂ ಅದು ವಹಿವಾಟೇ. ಬಿಲ್ಲಲ್ಲಿ "ಹೆರಿಗೆ ಸಹಾಯ, ವೈದ್ಯಕೀಯೇತರ" ಅಂತ ಸ್ಪಷ್ಟವಾಗಿ ಬರೆಯಿರಿ. ವೈದ್ಯರಿಗೆ ಸಿಗೋ ಜಿಎಸ್‌ಟಿ ವಿನಾಯಿತಿ ನಿಮಗೂ ಇದೆ ಅಂತ ಅಂದುಕೊಳ್ಳಬೇಡಿ.

ಟೆಕ್ಸಾಸಿನವರಿಗೆ ಇಲ್ಲೇ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆ (ಅನಿವಾಸಿ ಭಾರತೀಯರ ರೂಪಾಯಿ ಖಾತೆ) ಇದ್ದರೆ ಅದರಿಂದ ರೂಪಾಯಲ್ಲೇ ಕಳಿಸಲಿ, ನಿಮಗೆ ಸ್ಥಳೀಯ ಹಣದಂತೆಯೇ ಬರುತ್ತೆ. ಇಲ್ಲದಿದ್ದರೆ ಹೆಂಡತಿಯ ಖಾತೆಗೆ ಹಾಕಲಿ, ಅವರು ನಿಮಗೆ ಯುಪಿಐ ಮಾಡಲಿ. ಪೇಪಾಲ್‌ನಲ್ಲಿ ಶುಲ್ಕ, ವಿನಿಮಯ ದರ ಎರಡರಲ್ಲೂ ಹಣ ಸೋರುತ್ತೆ. ಕೆಲಸ ನಡೆಯೋದು ಮೈಸೂರಲ್ಲೇ ಆದ್ದರಿಂದ, ಡಾಲರಲ್ಲಿ ಬಂತು ಅಂದಮಾತ್ರಕ್ಕೆ ಅದು ಜಿಎಸ್‌ಟಿ ಲೆಕ್ಕದಲ್ಲಿ ಸೇವಾ ರಫ್ತು (ವಿದೇಶಕ್ಕೆ ಒದಗಿಸಿದ ಸೇವೆ) ಆಗಲ್ಲ.

ಮಡಿಲು

ಒಂದು ಸೇರಿಸ್ತೀನಿ. "ತಪ್ಪಿ ಹೆಚ್ಚು ಹಣ ಬಂದಿದೆ, ಈ ಇನ್ನೊಂದು ನಂಬರಿಗೆ ವಾಪಸ್ ಹಾಕಿ" ಅಂತ ಯಾರಾದರೂ ಫೋನ್ ಮಾಡಿದರೆ ಹಾಕಬೇಡಿ. ಹಣ ನಿಜವಾಗಿ ಬಂದಿದೆಯಾ ಅಂತ ಸ್ಟೇಟ್‌ಮೆಂಟ್ ನೋಡಿ. ಬಂದಿದ್ದರೆ ಬ್ಯಾಂಕಿಗೆ ತಿಳಿಸಿ, ಬಂದ ಖಾತೆಗೇ ಹಿಂದಿರುಗಿಸಿ. ಹಣ ಪಡೆಯೋದಕ್ಕೆ ಪಿನ್ ಒತ್ತಬೇಕು ಅಂದರೆ ಅಲ್ಲೇ ಫೋನ್ ಇಡಿ.