ಫೋನ್ ಇಂಟರ್ವ್ಯೂ ಆಗಿ ವಾರ ಆಯ್ತು, ಆ ಕಡೆಯಿಂದ ಸದ್ದೇ ಇಲ್ಲ, ತಲೆ ಚಿಟ್ಟು ಹಿಡಿದಿದೆ

ಕಲ್ಪತರು_ನಾಡು:
ಎಲ್ರಿಗೂ ನಮಸ್ಕಾರ. ಬಿಕಾಂ ಮುಗಿಸಿ ತಿಪಟೂರಲ್ಲೇ ಒಬ್ರು ಆಡಿಟರ್ ಹತ್ರ ಕೆಲಸ ಮಾಡ್ತಿದೀನಿ, ಟ್ಯಾಲಿ ಎಂಟ್ರಿ, ಜಿಎಸ್‌ಟಿ ರಿಟರ್ನು, ಅಂಗಡಿಯವ್ರ ಹಿಂದೆ ಬಿದ್ದು ಬಿಲ್ ಈಸ್ಕೊಳೋದು, ಇಷ್ಟೇ. ಬೆಂಗಳೂರಲ್ಲಿ ಒಂದು ಕಂಪನಿಗೆ ಅಕೌಂಟ್ಸ್ ಪೇಯಬಲ್ (ಕಂಪನಿ ಬೇರೆಯವ್ರಿಗೆ ಕೊಡ್ಬೇಕಾದ ಬಿಲ್ ನೋಡ್ಕೊಳೋದು) ಪೋಸ್ಟಿಗೆ ಹಾಕಿದ್ದೆ, ಹೋದ ವಾರ ಫೋನಲ್ಲೇ ಇಂಟರ್ವ್ಯೂ ಮಾಡಿದ್ರು. ಪೂರ್ತಿ ಇಂಗ್ಲಿಷಲ್ಲಿ. ನಿಮ್ಮ ಬಗ್ಗೆ ಹೇಳಿ ಅಂದ್ರು, ಆಮೇಲೆ ತ್ರೀ ವೇ ಮ್ಯಾಚ್ ಅಂದ್ರೇನು ಅಂದ್ರು, ಪಿಒ, ಜಿಆರ್‌ಎನ್, ಇನ್ವಾಯ್ಸ್, ಅಂದ್ರೆ ಆರ್ಡರ್ ಪತ್ರ, ಸರಕು ಬಂದಿದ್ದರ ದಾಖಲೆ, ಬಿಲ್ಲು, ಮೂರೂ ತಾಳೆ ಆಗ್ಬೇಕು ಅಂತ ಹೇಳ್ದೆ, ಜಿಎಸ್‌ಟಿಆರ್-2ಬಿ (ಸಪ್ಲೈಯರ್ ತುಂಬಿದ ರಿಟರ್ನಿಂದ ನಮಗೆ ಸಿಗೋ ತೆರಿಗೆ ಕ್ರೆಡಿಟ್ ತೋರಿಸೋ ಪಟ್ಟಿ) ಯಾಕೆ ನೋಡ್ತೀರ ಅಂದ್ರು ಅದೂ ಹೇಳ್ದೆ. ಹೇಳಿ ಮುಗಿಸಿದ್ ಮೇಲೆ ಆ ಕಡೆ ಸುಮ್ನೆ ಆಗ್ಬಿಟ್ರು. ಲೈನ್ ಕಟ್ಟಾಯ್ತೇನೋ ಅಂತ ಹಲೋ ಹಲೋ ಅಂದೆ, ಇಲ್ಲಿದೀನಿ ಅಂದ್ರು ಅಷ್ಟೇ. ಶಿಫ್ಟ್ ಓಕೆನಾ, ಸಂಬಳ ಎಷ್ಟು ನಿರೀಕ್ಷೆ, ಯಾವಾಗ ಸೇರ್ತೀರ, ನಿಮ್ದೇನಾದ್ರೂ ಪ್ರಶ್ನೆ ಇದ್ಯಾ. ಇಲ್ಲ ಅಂದೆ. 'ವಿ ವಿಲ್ ಗೆಟ್ ಬ್ಯಾಕ್ ಟು ಯು' ಅಂತ ಇಟ್ರು.

ಅವತ್ತಿಂದ ಫೋನ್ ರಿಂಗ್ ಆದ್ರೆ ಸಾಕು ಎದೆ ಢವಢವ, ಎತ್ತಿದ್ರೆ ಪರ್ಸನಲ್ ಲೋನ್ ಬೇಕಾ ಮೇಡಂ ಅಂತಾರೆ. ರಾತ್ರಿ ಮಲಗಿದ್ರೆ ಅದೇ ಮಾತುಕತೆ ಮತ್ತೆ ಮತ್ತೆ ಓಡ್ತಾ ಇರತ್ತೆ, ನಾನು ಹಂಗಂದಿದ್ದು ಸರಿನಾ, ದನಿ ನಡುಗ್ತಿತ್ತಾ, ಅವ್ರು ಸುಮ್ನಾಗಿದ್ದು ಯಾಕೆ. ಅಮ್ಮ ಬೇರೆ ದಿನಾ ಸಂಜೆ 'ಫೋನ್ ಬಂತಾ' ಅಂತಾರೆ, ಪಕ್ಕದ್ಮನೆ ಆಂಟಿಗೂ ಹೇಳಿಬಿಟ್ಟಿದಾರೆ. ಸುಮ್ನಾದ್ರೆ ರಿಜೆಕ್ಟ್ ಅಂತಾನೇ ಅರ್ಥನಾ? ನಾನೇ ಫೋನ್ ಮಾಡಿ ಕೇಳ್ಬಹುದಾ? ನೀವೆಲ್ಲ ಈ ಟೈಮಲ್ಲಿ ಹೆಂಗಿರ್ತೀರ ಹೇಳ್ರಪ್ಪ.

ಇನ್ವಾಯ್ಸ್_ಗುಮಾಸ್ತ:
ನಾನು ಇದೇ ಲೈನಲ್ಲಿ ಟೀಮ್ ಲೀಡ್, ಫೋನ್ ರೌಂಡ್ ತಗೊಳ್ಳೋದು ನನ್ನ ಕೆಲಸದಲ್ಲೇ ಒಂದು, ಅದಕ್ಕೆ ಸ್ವಲ್ಪ ಒಳಗಿನ ವಿಷ್ಯ ಹೇಳ್ತೀನಿ. ಅವ್ರು ಸುಮ್ನಾಗಿದ್ದು ಬರ್ಕೊಳಕ್ಕೆ. ನಮ್ಮ ಮುಂದೆ ಒಂದು ಶೀಟ್ ಇರತ್ತೆ, ನೀವು ಹೇಳಿದ್ದನ್ನ ಅದ್ರಲ್ಲಿ ಟೈಪ್ ಮಾಡ್ಬೇಕು, ಎದುರಿಗೆ ಕೂತಿದ್ರೆ ನಾನು ತಲೆ ಬಗ್ಗಿಸಿ ಬರೀತಿರೋದು ನಿಮಗೆ ಕಾಣ್ಸತ್ತೆ, ಫೋನಲ್ಲಿ ಏನೂ ಕಾಣ್ಸಲ್ಲ, ಅದಕ್ಕೇ ಎರಡು ಕ್ಷಣ ಅನ್ನೋದು ಎರಡು ನಿಮಿಷ ಅನ್ಸತ್ತೆ. ನಿಜ ಹೇಳ್ಬೇಕಂದ್ರೆ ಉತ್ತರ ತೀರಾ ತಪ್ಪಾಗಿದ್ರೆ ನಾವು ಬರ್ಕೊಳೋದೇ ಇಲ್ಲ, ಮುಂದಿನ ಪ್ರಶ್ನೆಗೆ ಹೋಗ್ತೀವಿ ಇಲ್ಲಾ ಬೇಗ ಮುಗಿಸ್ತೀವಿ. ನಿಮಗೆ ಶಿಫ್ಟು, ಸಂಬಳ, ಜಾಯ್ನಿಂಗ್ ತನಕ ಕೇಳಿದಾರೆ ಅಂದ್ರೆ ಶೀಟು ಪೂರ್ತಿ ತುಂಬಿಸಿದಾರೆ ಅಂತ. ಆಯ್ಕೆ ಆದ್ರಿ ಅಂತ ಅಲ್ಲ, ಮಧ್ಯದಲ್ಲೇ ಕೈ ಬಿಟ್ಟಿಲ್ಲ ಅಂತ. ಇಂಗ್ಲಿಷ್ ಬಗ್ಗೆನೂ ಅಷ್ಟೇ, ಅಕೌಂಟ್ಸ್ ಪೇಯಬಲ್ ಕೆಲಸಕ್ಕೆ ವೆಂಡರ್‌ಗೆ ಮೇಲ್ ಬರ್ಯೋಕೆ, ಕಾಲಲ್ಲಿ ಅರ್ಥ ಆಗೋ ಥರ ಮಾತಾಡೋಕೆ ಬಂದ್ರೆ ಆಯ್ತು, ಕಾನ್ವೆಂಟ್ ಉಚ್ಚಾರಣೆ ಯಾರೂ ಕೇಳಲ್ಲ.

ಒಂದು ಕೇಳ್ತೀನಿ, ಇಂಟರ್ವ್ಯೂ ಆಗಿದ್ದು ತಿಂಗಳ ಕೊನೆಯಲ್ಲಾ? ಹಂಗಿದ್ರೆ ಈ ವಾರ ಅವ್ರು ಕ್ಲೋಸಿಂಗಲ್ಲಿ, ಅಂದ್ರೆ ತಿಂಗಳ ಲೆಕ್ಕ ಮುಗಿಸೋದ್ರಲ್ಲಿ ಇರ್ತಾರೆ. ಅಕೌಂಟ್ಸ್ ಡಿಪಾರ್ಟ್‌ಮೆಂಟಲ್ಲಿ ತಿಂಗಳ ಕೊನೆಯ ಎರಡು ದಿನ ಮತ್ತೆ ಮುಂದಿನ ತಿಂಗಳ ಮೊದಲ ವಾರ ಅಂದ್ರೆ ಪ್ರೊವಿಷನ್ನು, ರೀಕನ್ಸಿಲೇಷನ್ನು, ರಿಪೋರ್ಟು, ಮನೆಗೆ ಹೋಗೋಕೂ ಪುರ್ಸೊತ್ತಿರಲ್ಲ. ಎಚ್ಆರ್ ಫೀಡ್‌ಬ್ಯಾಕ್ ಕೇಳಿ ಮೇಲ್ ಹಾಕಿರ್ತಾರೆ, ಮ್ಯಾನೇಜರ್ ಅದನ್ನ ಓಪನ್ನೇ ಮಾಡಿರಲ್ಲ. ನೀವಲ್ಲಿ ಊಟ ಬಿಟ್ಟು ಕೂತಿರ್ತೀರ.

ಇನ್ನೊಂದು ಅಷ್ಟು ಚೆನ್ನಾಗಿಲ್ಲದ ವಿಷ್ಯನೂ ಹೇಳ್ಬಿಡ್ತೀನಿ. ಕೆಲವು ಸಲ ಮೊದಲನೇ ಕ್ಯಾಂಡಿಡೇಟ್‌ಗೆ ಆಫರ್ ಕೊಟ್ಟಿರ್ತಾರೆ, ಅವ್ರ ನೋಟಿಸ್ ಪೀರಿಯಡ್ 60 ದಿನ 90 ದಿನ ಇರತ್ತೆ, ಅಷ್ಟರಲ್ಲಿ ಅವ್ರು ಇನ್ನೊಂದು ಆಫರ್ ಹಿಡ್ಕೊಂಡು ಕೈ ಕೊಡೋದು ಮಾಮೂಲಿ, ಅದಕ್ಕೇ ಎರಡನೇಯವ್ರಿಗೆ ಇಲ್ಲ ಅಂತಾನೂ ಹೇಳಲ್ಲ ಹೂಂ ಅಂತಾನೂ ಹೇಳಲ್ಲ. ಇದು ನನಗೆ ಸರಿ ಅನ್ಸಲ್ಲ, ಆದ್ರೆ ನಡಿಯೋದು ಹಿಂಗೇ. ನಿಮಗೊಂದು ಅನುಕೂಲ ಇದೆ, ಚಿಕ್ಕ ಆಫೀಸಿಂದ ಬರೋರು ಬೇಗ ಸೇರ್ತಾರೆ, ಅದನ್ನ ನಾವು ನೋಡ್ತೀವಿ.

ಫೋನ್ ಮಾಡ್ಬೇಡಿ, ಮೇಲ್ ಹಾಕಿ. ಇಂಟರ್ವ್ಯೂ ಟೈಮ್ ಕಳ್ಸಿದ್ರಲ್ಲ ಅದೇ ಮೇಲಿಗೆ ರಿಪ್ಲೈ, ಮೂರು ಸಾಲು ಸಾಕು: ಇಂಥ ದಿನ ಇಂಥ ಪೋಸ್ಟಿಗೆ ಮಾತಾಡಿದ್ದೆ, ಆಸಕ್ತಿ ಇನ್ನೂ ಇದೆ, ಮುಂದಿನ ಹಂತ ಯಾವಾಗ ಅಂತ ತಿಳಿಸಿದ್ರೆ ಅನುಕೂಲ. ಅದಕ್ಕೆ ಇನ್ನೂ ಒಂದು ವಾರ ಹತ್ತು ದಿನ ಉತ್ತರ ಬರಲಿಲ್ಲ ಅಂದ್ರೆ ಬಹುಮಟ್ಟಿಗೆ ಇಲ್ಲ ಅಂತಾನೇ. ಆಮೇಲೆ ದಿನಾ ಮೇಲ್ ಹಾಕ್ತಾ ಕೂರ್ಬೇಡಿ.

ಗಿರ್ಮಿಟ್_ಪ್ರಿಯ:
ತಂಗಿ, ಒಂದ ಮಾತ ಹೇಳ್ತೀನಿ ಸಿಟ್ಟಾಗಬ್ಯಾಡ. ಆ ಕೆಲಸ ಹೋತು ಅಂತ ತಿಳ್ಕೊಂಡ ಬಿಡು. ಬಂದ್ರ ಪೇಢೆ ಹಂಚು, ಬರಲಿಲ್ಲ ಅಂದ್ರ ಮೊದಲ ಬಿಟ್ಟದ್ದು, ಅಳೂದೇನ ಐತಿ ಅದ್ರಾಗ. ನಾ ಸೇಲ್ಸ್ ಲೈನ್‌ದಾಗ ಅದೀನಿ, ದಿನಾ ಮುಂಜಾನೆದ್ದು 'ನೋಡಿ ಹೇಳ್ತೀವ್ರಿ' ಅನ್ನೂ ಮಾತ ಕೇಳೂದ ನನ್ನ ಹೊಟ್ಟಿಪಾಡು, ಎಲ್ಲಾರದೂ ತಲಿಗಿ ಹಚ್ಕೊಂಡ್ರ ಎಂದೋ ಹುಚ್ಚ ಹಿಡೀತಿತ್ತು. ಒಂದ ಕಡೆ ಹಾಕಿ ಕುಂದರಬ್ಯಾಡ, ಇನ್ನೂ ನಾಕ ಕಡೆ ಹಾಕು. ಒಂದ ಕಡೆ ಹಾಕಿದ್ರ ಆ ಒಂದ ಫೋನಿನ ಮ್ಯಾಲೆ ಜೀವ ಇರ್ತೈತಿ, ನಾಕ ಕಡೆ ಹಾಕಿದ್ರ ಯಾವ ಫೋನ್ ಯಾರದು ಅಂತ ನಿನಗ ನೆನಪ ಉಳಿಯಂಗಿಲ್ಲ.

ಚಾಮುಂಡಿ_ಮೆಟ್ಟಿಲು:
ಗಿರ್ಮಿಟ್ ಅಣ್ಣ ಹೇಳಿದ ಎರಡನೇದು ಒಪ್ತೀನಿ, ಮೊದಲನೇದು ಅರ್ಧ ಮಾತ್ರ. ಮೈಸೂರಲ್ಲಿ ಸೈಕಾಲಜಿ ಎಂಎಸ್ಸಿ ಮಾಡ್ತಿದೀನಿ, ಹಂಗಾಗಿ ಇದು ನನ್ನ ಇಷ್ಟದ ವಿಷಯ. ಕ್ಯಾಲಿಫೋರ್ನಿಯಾದಲ್ಲಿ ಲಾ ಮುಗಿಸಿದವ್ರು ಬಾರ್ ಪರೀಕ್ಷೆ (ವಕೀಲಿಕೆ ಲೈಸೆನ್ಸ್ ಪರೀಕ್ಷೆ) ಬರೆದು ರಿಸಲ್ಟಿಗೆ ಆಗ ಹತ್ತಿರ ಹತ್ತಿರ ನಾಲ್ಕು ತಿಂಗಳು ಕಾಯ್ಬೇಕಿತ್ತು, ಕೇಟ್ ಸ್ವೀನಿ ಅನ್ನೋ ಮನಶ್ಶಾಸ್ತ್ರಜ್ಞೆ ಮತ್ತವರ ತಂಡ ಅಂಥ 230 ಜನರನ್ನ ಆ ಕಾಯೋ ಸಮಯ ಪೂರ್ತಿ ಗಮನಿಸಿ 2016ರಲ್ಲಿ ಪ್ರಕಟಿಸಿದ್ರು. ಆಗಲ್ಲ ಅಂತ ಅಂದ್ಕೊಳೋದು, ಆಗತ್ತೆ ಅಂತ ಅಂದ್ಕೊಳೋದು, ಯೋಚ್ನೆನೇ ಮಾಡ್ದೆ ಇರೋಕೆ ಒದ್ದಾಡೋದು, ಜನ ಏನೇನೋ ಮಾಡಿದ್ರು, ಯಾವ್ದೂ ಆತಂಕವನ್ನ ಹೇಳಿಕೊಳ್ಳೋವಷ್ಟು ಕಡಿಮೆ ಮಾಡ್ಲಿಲ್ಲ. ತಮಾಷೆ ಏನಂದ್ರೆ ಕಾಯುವಾಗ ಜಾಸ್ತಿ ಒದ್ದಾಡಿದವ್ರೇ ಫೇಲ್ ಅಂತ ಗೊತ್ತಾದಾಗ ಬೇಗ ಸುಧಾರಿಸ್ಕೊಂಡ್ರು, ಪಾಸಾದ್ರೆ ಖುಷಿನೂ ಅವ್ರಿಗೇ ಜಾಸ್ತಿ. ಅಂದ್ರೆ 'ಆಗಲ್ಲ' ಅನ್ನೋ ತಯಾರಿ ಉತ್ತರ ಬರೋ ಹೊತ್ತಿಗೆ ಕೆಲಸಕ್ಕೆ ಬರತ್ತೆ, ಇವತ್ತಿಂದಾನೇ ಶುರು ಹಚ್ಕೊಂಡ್ರೆ ಸುಮ್ನೆ ದಿನಾ ಸಂಕಟ.

ಮತ್ತೆ ನಿಮ್ಮ ಎದೆ ಢವಢವ ವಿಚಾರ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಲ್ಲಿ ಒಂದು ಪ್ರಯೋಗ ಮಾಡಿದ್ರು, ಅದೂ 2016ರದ್ದೇ. ಕಂಪ್ಯೂಟರ್ ಆಟ, ಕಲ್ಲಿನ ಕೆಳಗೆ ಹಾವಿದ್ಯಾ ಇಲ್ವಾ ಊಹೆ ಮಾಡ್ಬೇಕು, ಹಾವಿದ್ರೆ ಕೈಗೆ ಕರೆಂಟ್ ಶಾಕ್. ಖಂಡಿತ ಶಾಕ್ ಹೊಡಿಯತ್ತೆ ಅಂತ ಗೊತ್ತಿದ್ದಾಗ ಇರೋದಕ್ಕಿಂತ, ಹೊಡೀಬಹುದು ಹೊಡೀದೇನೂ ಇರ್ಬಹುದು ಅಂತ ಸಮ ಸಮ ಇದ್ದಾಗ್ಲೇ ಜನರ ಒತ್ತಡ ಜಾಸ್ತಿ ಇತ್ತು. ನೀವೀಗ ಇರೋದು ಅದೇ ಜಾಗದಲ್ಲಿ, ಧೈರ್ಯ ಇಲ್ಲ ಅಂತ ಅಲ್ಲ. ದನಿ ನಡುಗ್ತಿತ್ತಾ ಅಂತೀರಲ್ಲ, ಅಪರಿಚಿತರ ಜೊತೆ ಮಾತಾಡಿ ಬಂದವ್ರು, ಎದುರಿನವ್ರಿಗೆ ನಾವು ಎಷ್ಟು ಇಷ್ಟ ಆದ್ವಿ ಅನ್ನೋದನ್ನ ನಿಜಕ್ಕಿಂತ ಕಮ್ಮಿ ಅಂತಾನೇ ಲೆಕ್ಕ ಹಾಕ್ತಾರೆ ಅಂತ 2018ರಲ್ಲಿ ಒಂದು ಅಧ್ಯಯನ ಬಂದಿತ್ತು. ಅದು ಇಂಟರ್ವ್ಯೂ ಮೇಲೆ ಮಾಡಿದ್ದಲ್ಲ, ಆದ್ರೂ ರಾತ್ರಿ ರೀಪ್ಲೇ ಶುರುವಾದಾಗ ಜ್ಞಾಪಕ ಇಟ್ಕೊಳ್ಳಿ.

ಸ್ವೀನಿಯವ್ರದ್ದೇ ಮುಂದಿನ ಕೆಲಸದಲ್ಲಿ ಸ್ವಲ್ಪ ಉಪಯೋಗಕ್ಕೆ ಬಂದಿದ್ದು ಅಂದ್ರೆ ಹೊತ್ತು ಹೋಗಿದ್ದೇ ತಿಳಿಯದ ಹಾಗೆ ಮುಳುಗಿಸೋ ಕೆಲಸ, ಕಷ್ಟನೂ ಇರ್ಬೇಕು, ಕೈಗೆಟುಕೋ ಹಂಗೂ ಇರ್ಬೇಕು. ರೀಲ್ಸ್ ನೋಡೋದು ಅದಕ್ಕೆ ಬರಲ್ಲ, ಬೆರಳು ಓಡ್ತಿರತ್ತೆ ತಲೆ ಫೋನ್ ಕಾಯ್ತಾನೇ ಇರತ್ತೆ. ಎಕ್ಸೆಲ್ಲಲ್ಲಿ ಪಿವೋಟ್ ಟೇಬಲ್, ವಿಲುಕಪ್ ಕಲೀರಿ, ಮುಂದಿನ ರೌಂಡಲ್ಲಿ ಹೆಂಗಿದ್ರೂ ಕೇಳ್ತಾರೆ. ನಿದ್ದೆ ಊಟ ಎರಡೂ ಹಿಂಗೇ ಕೆಟ್ಟಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ, ಹುಚ್ಚಿದ್ದವ್ರಿಗೆ ಮಾತ್ರ ಅಂತೆಲ್ಲ ಏನಿಲ್ಲ.

ನೀರ್‌ದೋಸೆ_88:
ಮಾರಾಯ್ರೇ, ಎಲ್ಲರೂ ಮನಸ್ಸಿನ ಬಗ್ಗೆ ಹೇಳಿದ್ರು, ನಾನು ಬೇರೆ ಒಂದು ಹೇಳ್ತೇನೆ. ಹೀಗೆ ಕಾದು ಕಾದು ಸುಸ್ತಾದ ಟೈಮಲ್ಲೇ ಆ ಕಳ್ಳರ ಫೋನ್ ಬರುವುದು. ನೀವು ಸೆಲೆಕ್ಟ್ ಆಗಿದ್ದೀರಿ, ಲ್ಯಾಪ್‌ಟಾಪಿಗೆ ಡೆಪಾಸಿಟ್ ಕಟ್ಟಿ, ಆಮೇಲೆ ವಾಪಸ್ ಕೊಡ್ತೇವೆ ಅಂತ. ಜಾಬ್ ಸೈಟಿನಲ್ಲಿ ನಂಬರ್ ಹಾಕಿದ್ದೀರಲ್ಲ, ಅಲ್ಲಿಂದ ಎಲ್ಲೆಲ್ಲಿಗೋ ಹೋಗಿರ್ತದೆ. ನನ್ನ ಚಿಕ್ಕಮ್ಮನ ಮಗಳು ಇನ್ನೇನು ಕಳಿಸ್ಬೇಕು ಅನ್ನುವಾಗ ನಾವು ಹಿಡಿದು ನಿಲ್ಲಿಸಿದ್ದು. ಕೆಲಸ ಕೊಡುವವರು ದುಡ್ಡು ಕೇಳುವುದಿಲ್ಲ, ಕೇಳಿದ್ರೆ ಅದು ಮೋಸವೇ. ದುಡ್ಡು ಹೋದ್ರೆ ಕೂಡ್ಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡ್ಬೇಕು, ನಾಳೆ ಅಂತ ಕೂತ್ರೆ ದುಡ್ಡು ಎಲ್ಲಿಗೋ ದಾಟಿರ್ತದೆ. ಮತ್ತೆ ಆಫರ್ ಲೆಟರ್ ಕೈಗೆ ಬರುವ ಮೊದಲು ಈಗಿನ ಆಡಿಟರ್ ಹತ್ರ ಬಿಡ್ತೇನೆ ಅಂತ ಹೇಳ್ಲಿಕ್ಕೆ ಹೋಗ್ಬೇಡಿ ಆಯ್ತಾ.

ಅಮ್ಮನಿಗೆ ಒಂದು ದಿನ ಹೇಳಿಬಿಡಿ, 'ಅಮ್ಮಾ 15ರವರೆಗೆ ಕೇಳ್ಬೇಡ, ಬಂದ್ರೆ ನಾನೇ ಓಡಿ ಬಂದು ಹೇಳ್ತೇನೆ' ಅಂತ. ಅವರಿಗೂ ತಲೆಬಿಸಿ ಉಂಟಲ್ಲ. ಆಂಟಿ ವಿಷಯ ನಂಗೆ ಗೊತ್ತಿಲ್ಲ, ಅದಕ್ಕೆ ಮದ್ದಿಲ್ಲ.

ಕಲ್ಪತರು_ನಾಡು:
ಆಂಟಿಗೆ ಮದ್ದಿಲ್ಲ ಅಂತ ಓದಿ ನಕ್ಕೆ 😄 ಎಲ್ರಿಗೂ ಥ್ಯಾಂಕ್ಸ್. ಗುಮಾಸ್ತ ಸರ್, ಹೌದು, ಮಾತಾಡಿದ್ದು 29ನೇ ತಾರೀಕು, ನಮ್ಮಾಫೀಸಲ್ಲೂ ಜಿಎಸ್‌ಟಿ ಟೈಮಲ್ಲಿ ಯಾರ ಫೋನೂ ಎತ್ತಲ್ಲ, ಇದು ನನಗ್ಯಾಕೆ ಹೊಳೀಲಿಲ್ವೋ. ಮೇಲ್ ಹಾಕ್ದೆ. ಇನ್ನೂ ಎರಡು ಕಡೆ ಅಪ್ಲೈ ಮಾಡ್ದೆ, ಅದ್ರಲ್ಲಿ ಒಬ್ರು ಗುರುವಾರ ಫೋನ್ ಮಾಡ್ತೀವಿ ಅಂದಿದಾರೆ, ಇದೂ ಫೋನ್ ರೌಂಡೇ. ಹೊಟ್ಟೆಯೊಳಗೆ ಮತ್ತೆ ಶುರುವಾಗಿದೆ, ಆದ್ರೆ ಮೊದಲಿನಷ್ಟಿಲ್ಲ. ಒಂದು ಡೌಟು, ನಮ್ಮನೆ ಒಳಗೆ ಟವರ್ ಸಿಗಲ್ಲ, ತಾರಸಿ ಮೇಲೆ ಹೋದ್ರೆ ಚೆನ್ನಾಗಿ ಸಿಗತ್ತೆ, ಅಲ್ಲಿಂದ ಮಾತಾಡ್ಬಹುದಾ?

ಇನ್ವಾಯ್ಸ್_ಗುಮಾಸ್ತ:
ತಾರಸಿ ಬೇಡ, ಗಾಳಿ ಮೈಕಿಗೆ ಹೊಡ್ದು ನಿಮ್ಮ ಮಾತು ನಮಗೆ ಬರೀ ಬುಸ್ ಅಂತ ಕೇಳ್ಸತ್ತೆ, ಮೇಲಾಗಿ ಕೆಳಗಡೆ ತರಕಾರಿ ಗಾಡಿ ಬಂದ್ರೆ ಮುಗೀತು. ಮನೇಲಿ ವೈಫೈ ಇದ್ರೆ ಫೋನ್ ಸೆಟ್ಟಿಂಗಲ್ಲಿ ವೈಫೈ ಕಾಲಿಂಗ್ ಅಂತ ಇರತ್ತೆ, ಆನ್ ಮಾಡಿ, ಟವರ್ ಇಲ್ದಿದ್ರೂ ಮಾಮೂಲಿ ಕಾಲ್ ಬರತ್ತೆ. ಇವತ್ತೇ ಯಾರಾದ್ರೂ ಫ್ರೆಂಡ್ ಕೈಲಿ ಫೋನ್ ಮಾಡಿಸಿ ಟೆಸ್ಟ್ ಮಾಡ್ಕೊಳ್ಳಿ. ವೈಫೈ ಇಲ್ಲಾಂದ್ರೆ ಟವರ್ ಸಿಗೋ ಸ್ನೇಹಿತರ ಮನೆಗೆ ಹೋಗಿ. ಮತ್ತೆ ಈ ಸಲ 'ಪ್ರಶ್ನೆ ಇದ್ಯಾ' ಅಂದ್ರೆ ಟೀಮಲ್ಲಿ ಎಷ್ಟು ಜನ, ಯಾವ ಸಾಫ್ಟ್‌ವೇರು, ಉತ್ತರ ಯಾವತ್ತು ನಿರೀಕ್ಷೆ ಮಾಡ್ಬಹುದು ಅಂತ ಕೇಳಿ. ಅದು ಕೇಳಿದ್ರೆ ಯಾರೂ ಬೇಜಾರ್ ಮಾಡ್ಕೊಳಲ್ಲ.

ಗಿರ್ಮಿಟ್_ಪ್ರಿಯ:
ಯಾವತ್ತ ಹೇಳ್ತೀರಿ ಅಂತ ಕೇಳೂದ ಮರೀಬ್ಯಾಡ ತಂಗಿ. ಇಲ್ಲಾಂದ್ರ ಮುಂದಿನ ವಾರ ಮತ್ತ ಇಲ್ಲೇ ಬಂದ ಕೇಳ್ತಿ 😀