ಬಿಲ್ಲುಗಾಲು, ಒಳಬದಿ ಸವೆದ ಮಂಡಿ: ಆಪರೇಶನ್ ಮಾಡಿಸಿಕೊಂಡವರು ಅನುಭವ ಹೇಳಿ

ಹೊನ್ನಾವರ ಟೀಚರ್: ವಯಸ್ಸು 44. ಚಿಕ್ಕಂದಿನಿಂದ ಎರಡೂ ಕಾಲು ಬಾಗಿವೆ, ಈಗ ಬಲ ಮಂಡಿಯ ಒಳಬದಿ ಸವೆದಿದೆ. ಸ್ಕ್ಯಾನೋಗ್ರಾಂ (ಇಡೀ ಕಾಲಿನ ಎಕ್ಸ್‌ರೇ) ನೋಡಿ ಡಾಕ್ಟರು ಎಚ್‌ಟಿಒ ಅಂದಿದ್ದಾರೆ, ಅಂದ್ರೆ ಮಂಡಿ ಕೆಳಗಿನ ಮೂಳೆ ಕತ್ತರಿಸಿ ನೇರ ಮಾಡಿ ಪ್ಲೇಟು ಹಾಕೋದು. ಮೊದಲು ಬಲ, ಆಮೇಲೆ ಎಡ. ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ನಿಂತು ಪಾಠ ಮಾಡೋಕೆ ಎಷ್ಟು ತಿಂಗಳು ಬೇಕಾಯ್ತು, ಖರ್ಚೆಷ್ಟು, ಮಾಡಿಸಿದವರು ದಯವಿಟ್ಟು ಹೇಳಿ.

ಶಿರಸಿ ತೋಟದವ: ನಾನು ಮಾಡಿಸಿದ್ದು 47ಕ್ಕೆ, ಹುಬ್ಬಳ್ಳಿಯಲ್ಲಿ. ಪ್ಯಾಕೇಜು 1.85 ಲಕ್ಷ ಅಂದವರು ಡಿಸ್ಚಾರ್ಜ್ ದಿನ ಕೈಗಿಟ್ಟ ಬಿಲ್ಲು 2,31,400. ಪ್ಲೇಟು ಪ್ಯಾಕೇಜಿನೊಳಗೇ ಇತ್ತಂತೆ, ಕತ್ತರಿಸಿದ ಸಂದಿಗೆ ತುಂಬಿದ ಕೃತಕ ಮೂಳೆ ಬೇರೆಯಂತೆ, ಅದಕ್ಕೇ 28 ಸಾವಿರ. ಸೊಂಟದಿಂದ ನನ್ನದೇ ಮೂಳೆ ತೆಗೆದು ಹಾಕಿದ್ರೆ ಆ ದುಡ್ಡು ಉಳೀತಿತ್ತು. ಆದರೆ ಹಾಗೆ ಮಾಡಿಸಿಕೊಂಡ ನಮ್ಮೂರಿನವ ಮಂಡಿಗಿಂತ ಸೊಂಟ ಹಿಡ್ಕೊಂಡೇ ಹೆಚ್ಚು ಅತ್ತಿದ್ದ. ವಾಕರ್ 1,400, ಕಮೋಡ್ ಕುರ್ಚಿ 3,200. ಮೀನಖಂಡ ಊದಿತು, ರಕ್ತ ಹೆಪ್ಪುಗಟ್ಟಿದೆಯೋ ಅಂತ ನೋಡೋ ಡಾಪ್ಲರ್ ಸ್ಕ್ಯಾನು 2,600, ಏನೂ ಇರಲಿಲ್ಲ. ಕಾರು ಬಾಡಿಗೆ ಲೆಕ್ಕ ಇಡೋದೇ ಬಿಟ್ಟೆ.

ಆರು ವಾರ ಪಾದ ನೆಲಕ್ಕೆ ಸುಮ್ನೆ ತಾಗಿಸಬೇಕು, ಭಾರ ಹಾಕಬಾರದು ಅಂದ್ರು, ಹಾಕಲಿಲ್ಲ. ಆದರೂ ಮೂರು ತಿಂಗಳಿಗೆ ಎಕ್ಸ್‌ರೇಲಿ ಸಂದು ಕಪ್ಪಗೇ ಇತ್ತು, ಮೂಳೆ ಕೂಡಿರಲಿಲ್ಲ. ಡಾಕ್ಟರು ನನ್ನ ಬಾಯಿ ನೋಡಿ, 'ಕವಳ (ಎಲೆ-ಅಡಿಕೆ) ಹಾಕ್ತೀರಾ? ಹೊಗೆಸೊಪ್ಪು ಸೇರಿಸಿ?' ಅಂತ ಕೇಳಿದ್ರು. ಬೀಡಿ ಸಿಗರೇಟು ಬೇಡ ಅಂದಿದ್ರೇ ಹೊರತು ಮೊದಲು ಕವಳದ ಸುದ್ದಿ ಎತ್ತಿದವರಲ್ಲ. ಅಡಿಕೆ ಬೆಳೆಯೋನ ಮನೇಲಿ ಕವಳ ಬಿಡೋದಂದ್ರೆ ಎಂತ ಅಂತ ನಿಮಗೆ ಗೊತ್ತಲ್ಲ. ಬಿಟ್ಟೆ, ಮೂಳೆ ಕೂಡ್ತು. ಈಗ ದರೆ ಇಳಿದು ತೋಟಕ್ಕೆ ಹೋಗ್ತೇನೆ. ಪ್ಲೇಟು ಮಾತ್ರ ಚರ್ಮದಡಿ ಕೈಗೆ ಸಿಗ್ತದೆ, ಮಳೆಗಾಲದಲ್ಲಿ ಸೆಳೀತದೆ. ತೆಗೆಸೋಕೆ ಇನ್ನೂ 45 ಸಾವಿರವಂತೆ.

ಕಾರವಾರದಾಕೆ: ತಂಗೀ, ಸುಮ್ನೆ ಯಾಕೆ ಮೂಳೆ ಕಡಿಸಿಕೊಳ್ತೀಯಾ? ನಾನು 58ಕ್ಕೆ ಎರಡೂ ಮಂಡಿ ಒಟ್ಟಿಗೇ ಬದಲಾಯಿಸಿಕೊಂಡೆ, ಗೋವಾದಲ್ಲಿ. ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದ್ರು. ನನ್ನ ಕಾಲು ಎಷ್ಟು ಸೊಟ್ಟ ಇತ್ತಂದ್ರೆ ಮಂಡಿಗಳ ನಡುವೆ ಮನೆಯ ಬೆಕ್ಕು ದಾಟಿ ಹೋಗ್ತಿತ್ತು. ಈಗ ಹಳೇ ನೈಟಿಗಳೆಲ್ಲ ಗಿಡ್ಡ, ನಾನೇ ಉದ್ದ ಆಗಿದ್ದೇನೆ.

ದುಡ್ಡಿನ ಮಾತು ಕೇಳಬೇಡ. ಸರ್ಕಾರ 2017ರಲ್ಲಿ ಮಿತಿ ಹಾಕಿದಾಗ ಮಾಮೂಲಿ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ 54,720, ಮೇಲೆ ಜಿಎಸ್‌ಟಿ. ನನ್ನ ಬಿಲ್ಲಲ್ಲೂ ಮಂಡಿಗೆ ಅದರ ಆಸುಪಾಸೇ ಇತ್ತು. ಉಳಿದದ್ದು? ಆಪರೇಶನ್ ಥಿಯೇಟರ್ ಚಾರ್ಜು, ಸಿಮೆಂಟು, ಕೈಗವಸು, ಇನ್ನೂ ಎಂತೆಂಥದೋ ಸೇರಿ 4,62,000! ಬಲ ಮಂಡಿ 90 ಡಿಗ್ರಿ ದಾಟಲೇ ಇಲ್ಲ. ಮತ್ತೆ ಅರಿವಳಿಕೆ ಕೊಟ್ಟು ಬಗ್ಗಿಸಿದ್ರು, ಅದಕ್ಕೆ 22 ಸಾವಿರ. 2024ರ ಆಗಸ್ಟಲ್ಲಿ ಗೋವಾ ದಾರಿಯ ಕಾಳಿ ನದಿಯ ಹಳೇ ಸೇತುವೆ ಕುಸಿದ ವಾರವೇ ನನ್ನ ಚೆಕಪ್ಪು. ಕಾರಲ್ಲಿ ಕಾಲು ಮಡಿಚಿ ಕೂತೂ ಕೂತೂ ಮಂಡಿ ಉರಿ. ಈಳಿಗೆ ಮಣೆ ಮೇಲೆ ಕೂತು ಮೀನು ಹೆಚ್ಚೋದು ಸೊಸೆಗೆ ಹೋಯ್ತು. ಆದರೂ ನಾನು ಮಾಡಿದ್ದೇ ಸರಿ.

ಶಿರಸಿ ತೋಟದವ: ಅಕ್ಕಾ, 58ಕ್ಕೂ 44ಕ್ಕೂ ವ್ಯತ್ಯಾಸ ಇಲ್ವಾ? ಈಗಲೇ ಹಾಕಿದ ಮಂಡಿ ಸವೆದ ಮೇಲೆ ಮತ್ತೆ ಬದಲಾಯಿಸೋ ರಿವಿಷನ್ನಿಗೆ ದುಡ್ಡು ನೀವು ಕೊಡ್ತೀರಾ?

ಕಾರವಾರದಾಕೆ: ಪ್ಲೇಟು ತಡವಿಕೊಂಡು ಕೂತವರ ಹತ್ರ ನಂಗೆ ಮಾತಿಲ್ಲ. ಹತ್ತು ವರ್ಷ ಬಿಟ್ಟು ನೀವೂ ನನ್ನ ದಾರಿಗೇ ಬರ್ತೀರಿ, ಆಗ ಮಾತಾಡುವ.

ಮಂಡಿ ಕುಣಿದವ: ಬಡಗಿನ ಯಕ್ಷಗಾನ ಮೇಳದಲ್ಲಿ ಹರೆಯವಿಡೀ ಮಂಡಿಯೂರಿ ಸುತ್ತು ಹಾಕಿ ಕುಣಿದವ ನಾನು. ಜನ ಶಿಳ್ಳೆ ಹೊಡೆದ್ರೆ ಇನ್ನೊಂದು ಸುತ್ತು. ಕಾಲು ಮೊದಲೇ ಬಾಗಿತ್ತು. ಎಂಆರ್‌ಐಗೆ 7,500 ಕೊಟ್ಟು ತಿಳಿದದ್ದು ಮಂಡಿ ಒಳಗಿನ ಮೆತ್ತೆ, ಅದೇ ಮೆನಿಸ್ಕಸ್, ಚಿಂದಿ ಅಂತ. ಕತ್ತಿಗೆ ಹೆದರಿ ಸವೆದ ಬದಿಯ ಭಾರ ಇಳಿಸೋ ಪಟ್ಟಿ, ಅನ್‌ಲೋಡರ್ ಬ್ರೇಸು ತಗೊಂಡೆ, 16,500. ಮೇ ತಿಂಗಳ ಕರಾವಳಿ ಸೆಕೆಯಲ್ಲಿ ಅದನ್ನ ಕಟ್ಟಿಕೊಂಡು ಅರ್ಧ ಗಂಟೆ ಇರಿ ನೋಡುವ, ತೊಡೆ ತುಂಬ ಬೆವರುಸಾಲೆ! ಈಗ ಅಟ್ಟದಲ್ಲಿದೆ. ಪಿಆರ್‌ಪಿ (ನಮ್ಮದೇ ರಕ್ತದಿಂದ ತಯಾರಿಸಿ ಮಂಡಿಗೆ ಕೊಡೋ) ಇಂಜೆಕ್ಷನ್ ಒಂದಕ್ಕೆ 9 ಸಾವಿರ, ಮೇಳದ ಒಂದು ತಿರುಗಾಟ ಮುಗಿಯುವವರೆಗೆ ಸುಖ, ಆಮೇಲೆ ಮೊದಲಿನ ಹಾಗೇ. ಪ್ರಯೋಜನಕ್ಕೆ ಬಂದದ್ದು ತೊಡೆಯ ವ್ಯಾಯಾಮ, ಮತ್ತೆ ತೂಕ ಇಳಿಸಿದ್ದು. ಈಗ ಕುಣಿತವಿಲ್ಲದ, ಬರೀ ಮಾತಿನ ತಾಳಮದ್ದಲೆಗೆ ಹೋಗ್ತೇನೆ, ಅಲ್ಲಿ ಕೂತೇ ಗೆಲ್ಲಬಹುದು.

ಅಂಕೋಲಾ ರಿಂಗು: ಪ್ಲೇಟಿನವರು, ಬ್ರೇಸಿನವರು ಎಲ್ಲ ಪುಣ್ಯವಂತರು. ನಂದು ಇಲಿಜರೋವ್. ಸೊಟ್ಟ ಹೆಚ್ಚು, ಜತೆಗೆ ತಿರುಚಿಕೊಂಡಿದೆ, ಒಂದೇ ಸಲ ನೇರ ಮಾಡಿದ್ರೆ ನರಕ್ಕೆ ಪೆಟ್ಟು ಅಂತ ಕಾಲಿನ ಸುತ್ತ ರಿಂಗು ಹಾಕಿದ್ರು. ದಿನಕ್ಕೆ ನಾಲ್ಕು ಸಲ ಕಾಲು ಮಿಲಿಮೀಟರಿನಂತೆ ನಟ್ಟು ತಿರುಗಿಸೋದು. ರಾತ್ರಿ ಸರದಿ ಹೆಂಡತಿದು, ಅವಳಿಗೆ ನಿದ್ದೆ ಬಂದ ದಿನ ಜಗಳ. ಪ್ಯಾಂಟು ಇಲ್ಲ, ಲುಂಗಿಯೇ ಗತಿ. ತಂತಿ ಹೊಕ್ಕಲ್ಲೆಲ್ಲ ಕೀವು. ಬೀಟಾಡಿನ್, ಗಾಜ್ ಬಟ್ಟೆ, ಆ್ಯಂಟಿಬಯಾಟಿಕ್ ಅಂತ ತಿಂಗಳಿಗೆ 6-7 ಸಾವಿರ. ಡ್ರೆಸ್ಸಿಂಗು ಕೆಟ್ಟ ಹೊತ್ತಿಗೇ 2024ರ ಜುಲೈ 16ಕ್ಕೆ ನಮ್ಮ ಅಂಕೋಲಾ ತಾಲೂಕಿನ ಶಿರೂರು ಗುಡ್ಡ ಕುಸೀತು, ಹೆದ್ದಾರಿ ಬಂದ್. ಮಂಗಳೂರಿಗೆ ಹೋಗೋದಕ್ಕೆ ಯಲ್ಲಾಪುರ ಹತ್ತಿ ಶಿರಸಿ ಸುತ್ತಿ ಇಳಿದೆ. ಪ್ರತಿ ಹೊಂಡಕ್ಕೂ ತಂತಿ ಮೂಳೆಯೊಳಗೆ ಮಾತಾಡ್ತಿತ್ತು.

ಮಂಡಿ ಕುಣಿದವ: ರೈಲಿತ್ತಲ್ಲ ಮಾರಾಯ್ರೇ?

ಅಂಕೋಲಾ ರಿಂಗು: ರಿಂಗು ಹಾಕ್ಕೊಂಡು ರೈಲಿನ ಮೆಟ್ಟಿಲು ಹತ್ತಿ ತೋರಿಸಿ, ಟಿಕೆಟ್ ನಾನೇ ತೆಗೀತೇನೆ.

ಕುಮಟಾ ಬಸ್‌ಸ್ಟ್ಯಾಂಡ್: ಇಷ್ಟೆಲ್ಲ ದುಡ್ಡು ಯಾಕೆ ಸುರೀತೀರಿ? ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆ ಇಲ್ವಾ? ಬಿಪಿಎಲ್ ಆದ್ರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲು ಮಾಡಿಸಿ. ನಮ್ಮ ಅಪ್ಪನದು ಹಾಗೇ ಆಯ್ತು.

ಶಿರಸಿ ತೋಟದವ: ಟೀಚರಿಗೆ ಬಿಪಿಎಲ್ ಎಲ್ಲಿಂದ ಬಂತು? ಎಪಿಎಲ್‌ನವರಿಗೆ ಸರ್ಕಾರ ಕೊಡೋದು ಪ್ಯಾಕೇಜ್ ದರದ 30 ಪರ್ಸೆಂಟ್ ಅಷ್ಟೇ.

ಕುಮಟಾ ಬಸ್‌ಸ್ಟ್ಯಾಂಡ್: ಘಟ್ಟದ ಮೇಲಿನವರಿಗೆ ಎಲ್ಲ ಮೊದಲೇ ಗೊತ್ತು! 2022ರಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಉತ್ತರ ಕನ್ನಡ ಜಿಲ್ಲೆಯೇ ಕೂಗಿದಾಗ 'ಶಿರಸಿಗೇ ಆಗಲಿ' ಅಂದವರು ನೀವೇ. ಕುಮಟಾ ನಡುಮಧ್ಯ ಇದೆ.

ಕಾರವಾರದಾಕೆ: ಜಿಲ್ಲಾಕೇಂದ್ರ ಬಿಟ್ಟು ಕುಮಟಾಕ್ಕಾ? ಮೆಡಿಕಲ್ ಕಾಲೇಜು ಇರೋದೇ ಕಾರವಾರದಲ್ಲಿ.

ಶಿರಸಿ ತೋಟದವ: ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿಯೋಷ್ಟರಲ್ಲಿ ಹುಬ್ಬಳ್ಳಿಗೆ ಅರ್ಧ ದಾರಿ ಆಗ್ತದೆ. ಹೊಲಿಗೆ ಹಾಕಿದ ಕಾಲಲ್ಲಿ ಆ ತಿರುವು ನೋಡಿದವರಿಗೆ ಗೊತ್ತು.

ಅಂಕೋಲಾ ರಿಂಗು: ಟೀಚರ್, ಇವರ ಜಗಳ ಬಿಡಿ. ನನ್ನ ವಾಕರ್, ಕಮೋಡ್ ಕುರ್ಚಿ ಎರಡೂ ಖಾಲಿ ಬಿದ್ದಿವೆ, ದುಡ್ಡು ಬೇಡ. ಅಂಕೋಲಾ ಬಸ್‌ಸ್ಟ್ಯಾಂಡಿಗೆ ತಂದುಕೊಡ್ತೇನೆ, ಯಾರನ್ನಾದರೂ ಕಳಿಸಿ. ವಾಕರಿನ ಒಂದು ರಬ್ಬರ್ ಬುಷ್ ಸವೆದಿದೆ, ಅದೊಂದು ಹೊಸತು ಹಾಕಿಸಿಕೊಳ್ಳಿ. ಇಲ್ಲಾಂದ್ರೆ ಬಚ್ಚಲಲ್ಲಿ ಜಾರ್ತದೆ.