ಸಹಾಯ ಬೇಕು: ಕುಬುಸದ ಊಟಕ್ಕೆ ಹಣ್ಣಿನ ಸಲಾಡ್, ಅದೂ ಕಲಬುರಗಿಯ ಬಿಸಿಲಿನಲ್ಲಿ

ಅಕ್ಕಂದಿರೇ, ಅಣ್ಣಂದಿರೇ, ಬರುವ ಭಾನುವಾರ ನಮ್ಮ ಮನೆಯಲ್ಲಿ ತಂಗಿಯ ಕುಬುಸ, ಅಂದರೆ ಸೀಮಂತ. ಹೋಳಿಗೆ, ರೊಟ್ಟಿ, ಎಣ್ಣೆಗಾಯಿ ಎಲ್ಲ ಅಡುಗೆಯವರ ಪಾಲು. ಊಟದ ನಂತರ ನಲವತ್ತು ಜನಕ್ಕೆ ಕೊಡುವ ಹಣ್ಣಿನ ಸಲಾಡ್ ಮಾತ್ರ ನನ್ನ ಹೆಗಲಿಗೆ ಬಿದ್ದಿದೆ. ಹೊರಗೆ 42 ಡಿಗ್ರಿ, ಮನೆಯಲ್ಲಿರುವುದು ಒಂದು ಸಣ್ಣ ಫ್ರಿಜ್.

ಸೂಪರ್ ಮಾರ್ಕೆಟ್ ಕಡೆಯಿಂದ ಬೇನಿಶಾನ್ ಮಾವು, ಅನಾನಸ್, ಕಲ್ಲಂಗಡಿ, ಬಾಳೆಹಣ್ಣು, ದಾಳಿಂಬೆ ತರುವ ಯೋಚನೆ. ಪಪ್ಪಾಯಿಯ ಹೆಸರೆತ್ತಿದ ಕೂಡಲೇ ಸೋದರತ್ತೆ ಕಣ್ಣು ಕೆಂಪಗೆ ಮಾಡಿದರು. ಕಾಯಿಗೂ ಹಣ್ಣಿಗೂ ವ್ಯತ್ಯಾಸವಿದೆ ಎಂದು ಅವರೊಡನೆ ವಾದಿಸುವ ಧೈರ್ಯ ಯಾರಿಗಿದೆ? ಕೈಬಿಟ್ಟೆ.

ದಯವಿಟ್ಟು ಕಸ್ಟರ್ಡ್ ಸೂಚಿಸಬೇಡಿ. ಹಸಿ ಅನಾನಸ್‌ನಲ್ಲಿರುವ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುವುದರಿಂದ ಸ್ವಲ್ಪ ಹೊತ್ತಿಗೇ ಕಹಿಯಾಗುತ್ತದೆ. ನಿಂಬೆರಸ, ಜೇನುತುಪ್ಪ, ಪುದೀನ, ಚಿಟಿಕೆ ಕಾಳುಮೆಣಸಿನ ಪುಡಿ ಇಷ್ಟೇ ಸಾಕು. ನಿಂಬೆರಸವಿದ್ದರೆ ಬಾಳೆಹಣ್ಣೂ ಬೇಗ ಕಪ್ಪಾಗುವುದಿಲ್ಲ.

ನನ್ನ ಚಿಂತೆಯೆಲ್ಲ ನೀರಿನದು. ಉಪ್ಪು, ಸಿಹಿ ತಗುಲಿದ ಹಣ್ಣು ನೀರು ಬಿಡುತ್ತದೆ. ಕಲ್ಲಂಗಡಿಯಂತೂ ಪಾತ್ರೆಯ ತಳದಲ್ಲಿ ಕೆಂಪು ಮಡುವನ್ನೇ ಕಟ್ಟಿಬಿಡುತ್ತದೆ. ಬೆಳಿಗ್ಗೆ ಕತ್ತರಿಸಿ ಮಧ್ಯಾಹ್ನ ಒಂದಕ್ಕೆ ಬಡಿಸಬೇಕು. ಕಲ್ಲಂಗಡಿಯನ್ನು ಬೇರೆ ಡಬ್ಬಿಯಲ್ಲಿಟ್ಟು ಕೊನೆಗೆ ಬೆರೆಸಿದರೆ ಸಾಕೇ, ಅಥವಾ ಬಿಟ್ಟೇಬಿಡಲೇ? ದಾಳಿಂಬೆ ಕಾಳನ್ನು ಹಿಂದಿನ ರಾತ್ರಿಯೇ ಬಿಡಿಸಿಡಬಹುದೇ? ಒಬ್ಬರಿಗೆ ಒಂದು ಸಣ್ಣ ಬಟ್ಟಲಿನ ಲೆಕ್ಕದಲ್ಲಿ ಯಾವ ಹಣ್ಣು ಎಷ್ಟು ಕಿಲೋ ತರಬೇಕು? ಮದುವೆ ಮನೆಗಳಲ್ಲಿ ಕೈ ಪಳಗಿದವರು ಅಂದಾಜು ಹೇಳಿ.

ಇನ್ನೊಂದು ಮಾತು: ನಗರದಲ್ಲಿ ದೊಡ್ಡ ಐಸ್ ಡಬ್ಬಿಯನ್ನು ಒಂದು ದಿನದ ಬಾಡಿಗೆಗೆ ಕೊಡುವವರಿದ್ದರೆ ಶುಕ್ರವಾರದೊಳಗೆ ತಿಳಿಸಿ. ಮುಂಗಡ ಕೊಡಲು ಸಿದ್ಧ.